ಗೋಡೆಯ ಮೇಲೊಂದು ಮದುವೆ ಮನೆ: ಸ್ಟೋರಿ ಮ್ಯಾಪಿಂಗ್ ಕಾರ್ಯಾಗಾರ, ಏಳು ತಿಂಗಳ ನಂತರ

ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಅಡುಗೆ ಗುತ್ತಿಗೆ ಹಿಡಿಯುವ ಭಟ್ಟರಿಗಾಗಿ ಮೊಬೈಲ್ ಆ್ಯಪ್ ಒಂದನ್ನು ಕಟ್ಟುತ್ತಿರುವ ಆರು ಮಂದಿಯ ಸಣ್ಣ ಕಂಪನಿ ನಮ್ಮದು. ಬನಶಂಕರಿ ಎರಡನೇ ಹಂತದ ಮನೆಯೊಂದರ ಮೊದಲ ಮಹಡಿಯಲ್ಲಿ ಕಚೇರಿಯಿದೆ. ಕಳೆದ ಆಷಾಢದಲ್ಲಿ ನಗರದ ತರಬೇತಿ ಸಂಸ್ಥೆಯೊಂದನ್ನು ಕರೆಸಿ, ಯೂಸರ್ ಸ್ಟೋರಿ ಮ್ಯಾಪಿಂಗ್ (ಬಳಕೆದಾರರ ಕೆಲಸವನ್ನು ಕಥೆಯಂತೆ ಹೇಳಿಸಿ ಗೋಡೆಯ ಮೇಲೆ ಚೀಟಿಗಳ ನಕ್ಷೆಯಾಗಿ ಜೋಡಿಸುವ ವಿಧಾನ) ಕುರಿತ ಎರಡು ದಿನದ ಕಾರ್ಯಾಗಾರವನ್ನು ನಮ್ಮ ಕಚೇರಿಯಲ್ಲೇ ಮಾಡಿಸಿಕೊಂಡೆವು. ಆರು ಮಂದಿಗೆ ಒಟ್ಟು 54 ಸಾವಿರ ರೂಪಾಯಿ ಶುಲ್ಕ. ಕಾರ್ಯಾಗಾರ ಮುಗಿದ ವಾರವೇ ಅನಿಸಿಕೆ ಬರೆಯಬಹುದಿತ್ತಾದರೂ, ಆ ವಿಧಾನದಲ್ಲಿ ನಿಜವಾದ ಕೆಲಸ ಮಾಡಿ ನೋಡದೆ ಬರೆಯುವುದು ಸರಿಯಲ್ಲವೆಂದು ತಡೆದಿದ್ದೆ. ಈಗ ಏಳು ತಿಂಗಳಾಗಿವೆ, ಮಾಘದ ಮದುವೆಗಳು ನಡೆಯುತ್ತಿವೆ, ಆ್ಯಪ್ ಭಟ್ಟರ ಕೈಯಲ್ಲಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲ ದಿನಕ್ಕೆ ಕೊಟ್ಟ ಹಣ ಪೂರ್ತಿ ಸಾರ್ಥಕವಾಯಿತು, ಎರಡನೆಯ ದಿನದ ಹಣದ ಬಗ್ಗೆ ಅದೇ ಮಾತನ್ನು ಹೇಳಲಾರೆ.

ಕಾರ್ಯಾಗಾರಕ್ಕೆ ಮುನ್ನ ನಮ್ಮ ಸ್ಥಿತಿ ಹೇಗಿತ್ತೆಂಬುದು ತಿಳಿದರೆ ಈ ಮಾತಿನ ತೂಕ ಗೊತ್ತಾಗುತ್ತದೆ. ಮಾಡಬೇಕಾದ ಕೆಲಸಗಳೆಲ್ಲ ಕೆಲಸಕ್ಕೊಂದರಂತೆ 143 ಟಿಕೆಟ್‌ಗಳಾಗಿ ಒಂದು ಬ್ಯಾಕ್‌ಲಾಗ್‌ನಲ್ಲಿ (ಬಾಕಿ ಕೆಲಸಗಳ ಪಟ್ಟಿಯಲ್ಲಿ) ಕುಳಿತಿದ್ದವು. ಒಂದೊಂದಕ್ಕೂ ಆದ್ಯತೆಯ ಅಂಕ ಕೊಟ್ಟು ಮೇಲಿನಿಂದ ಕೆಳಕ್ಕೆ ಜೋಡಿಸಿದ್ದೆವು, ಪ್ರತಿ ಸೋಮವಾರ ಅವನ್ನೇ ಹಿಂದೆ ಮುಂದೆ ಸರಿಸುತ್ತಿದ್ದೆವು. ಆದರೆ ಮೇಲಿನ ಇಪ್ಪತ್ತು ಟಿಕೆಟ್‌ಗಳನ್ನು ಮುಗಿಸಿಕೊಟ್ಟರೆ ಭಟ್ಟರೊಬ್ಬರು ಒಂದು ಮದುವೆಯ ಕೆಲಸವನ್ನು ಅದರಲ್ಲಿ ಮೊದಲಿನಿಂದ ಕೊನೆಯವರೆಗೆ ಮಾಡಿ ಮುಗಿಸಬಲ್ಲರೇ ಎಂದು ಯಾರಾದರೂ ಕೇಳಿದ್ದರೆ, ನಮ್ಮಲ್ಲಿ ಒಬ್ಬರ ಬಳಿಯೂ ಉತ್ತರವಿರಲಿಲ್ಲ. ಸಾಮಾನು ಚೀಟಿಯನ್ನು ಎಷ್ಟು ಸಲ ಓದಿದರೂ ಯಾವುದನ್ನು ಮೊದಲು ಒಲೆಗೆ ಏರಿಸಬೇಕೆಂಬುದು ತಿಳಿಯುವುದಿಲ್ಲ. ನಮ್ಮ ಬ್ಯಾಕ್‌ಲಾಗ್ ಅಂಥದೊಂದು ಚೀಟಿಯಾಗಿತ್ತು.

ಸ್ಟೋರಿ ಎಂಬ ಮಾತು ಈ ಕ್ಷೇತ್ರಕ್ಕೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಕೆಂಟ್ ಬೆಕ್ ಮತ್ತು ಸಂಗಡಿಗರು ರೂಪಿಸಿದ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ತಂತ್ರಾಂಶ ರಚನೆಯ ಪದ್ಧತಿಯ ಮೂಲಕ. ಬಳಕೆದಾರರಿಗೆ ಏನು ಬೇಕೆಂಬುದನ್ನು ದಪ್ಪ ದಾಖಲೆಯಾಗಿ ಬರೆಯದೆ, ಸಣ್ಣ ಕಾರ್ಡಿನ ಮೇಲೆ ಒಂದೆರಡು ಸಾಲಿನಲ್ಲಿ ಗುರುತು ಹಾಕಿಕೊಂಡು, ಉಳಿದದ್ದನ್ನು ಎದುರು ಕುಳಿತು ಮಾತಾಡಿ ತಿಳಿಯಬೇಕೆಂಬುದು ಅದರ ಆಶಯ. 2001ರಲ್ಲಿ ಆ ಸಂಗಡಿಗರಲ್ಲೊಬ್ಬರಾದ ರಾನ್ ಜೆಫ್ರೀಸ್ ಇದನ್ನು ಕಾರ್ಡು, ಮಾತುಕತೆ, ಖಾತರಿ ಎಂಬ ಮೂರು ಭಾಗಗಳಾಗಿ ವಿವರಿಸಿದರು. ಕಾಲಕ್ರಮದಲ್ಲಿ ಕಾರ್ಡು ಕಂಪ್ಯೂಟರಿನ ಟಿಕೆಟ್ ಆಯಿತು, ಮಾತುಕತೆ ಹಿಂದೆ ಬಿತ್ತು, ನೂರಾರು ಟಿಕೆಟ್‌ಗಳ ನಡುವೆ ಕಥೆಯೇ ಕಾಣೆಯಾಯಿತು. ತಂತ್ರಾಂಶ ವಿನ್ಯಾಸದ ಸಲಹೆಗಾರ ಜೆಫ್ ಪ್ಯಾಟನ್ ಹಿಡಿದದ್ದು ಈ ಕೊರತೆಯನ್ನು. 2005ರ ಲೇಖನವೊಂದರಲ್ಲಿ ಅವರು ಸ್ಟೋರಿಗಳನ್ನು ನಕ್ಷೆಯಂತೆ ಜೋಡಿಸುವ ಕ್ರಮವನ್ನು ಮುಂದಿಟ್ಟರು; 2014ರಲ್ಲಿ ಅದು ಪುಸ್ತಕವಾಗಿ ಬಂತು. ಕ್ರಮ ಸರಳವಾಗಿದೆ. ಬಳಕೆದಾರರು ಮಾಡುವ ದೊಡ್ಡ ಕೆಲಸಗಳನ್ನು ಎಡದಿಂದ ಬಲಕ್ಕೆ, ಅವರು ಮಾಡುವ ಅನುಕ್ರಮದಲ್ಲೇ ಇಡಬೇಕು. ಇದು ನಕ್ಷೆಯ ಬೆನ್ನೆಲುಬು. ಒಂದೊಂದರ ಕೆಳಗೆ ಅದರ ಹಂತಗಳು, ಹಂತಗಳ ಕೆಳಗೆ ಸೂಕ್ಷ್ಮ ವಿವರಗಳು, ಬದಲಿ ದಾರಿಗಳು, ಎಡವಟ್ಟುಗಳು. ಇಲ್ಲದಿದ್ದರೆ ನಡೆಯದೆಂಬುವು ಮೇಲೆ ಇರುತ್ತವೆ, ಇದ್ದರೆ ಒಳ್ಳೆಯದೆಂಬುವು ಕೆಳಗಿಳಿಯುತ್ತವೆ. ಆಮೇಲೆ ಅಡ್ಡ ಗೆರೆ ಎಳೆದು, ಮೊದಲ ಬಿಡುಗಡೆಗೆ ಇಷ್ಟು, ಎರಡನೆಯದಕ್ಕೆ ಇಷ್ಟು ಎಂದು ಹೋಳು ಮಾಡಬೇಕು.

ಕಾರ್ಯಾಗಾರದ ಮೊದಲ ಬೆಳಿಗ್ಗೆ ತರಬೇತುದಾರರು ನಮ್ಮ ಆ್ಯಪ್ ವಿಷಯವನ್ನು ಎತ್ತಲೇ ಇಲ್ಲ. ಅಂದು ಎದ್ದಾಗಿನಿಂದ ಕಚೇರಿ ತಲುಪುವವರೆಗೆ ಮಾಡಿದ್ದನ್ನೆಲ್ಲ ಚೀಟಿಗೊಂದರಂತೆ ಬರೆಯಿರಿ ಎಂದರು. ಪ್ಯಾಟನ್ ಅವರ ವಿಧಾನದಲ್ಲಿ ಇದು ಪ್ರಸಿದ್ಧವಾದ ಅಭ್ಯಾಸ. ಮೋಟರ್ ಹಾಕಿದ್ದು, ಹಾಲಿನ ಪ್ಯಾಕೆಟ್ ತಂದದ್ದು, ರಂಗೋಲಿ, ಡಿಕಾಕ್ಷನ್ ಇಳಿಸಿದ್ದು, ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸಿದ್ದು, ಹಸಿರು ಮಾರ್ಗದ ಮೆಟ್ರೋ ಹಿಡಿದದ್ದು, ಹೀಗೆ ತೊಂಬತ್ತರಷ್ಟು ಚೀಟಿಗಳಾದವು. ಎಲ್ಲವನ್ನೂ ಮೇಜಿನ ಮೇಲೆ ಎಡದಿಂದ ಬಲಕ್ಕೆ ಜೋಡಿಸಿದ ಬಳಿಕ, “ಇವತ್ತು ಏಳುವುದು ತಡವಾಗಿದೆ, ಮನೆ ಬಿಡಲು ಹತ್ತೇ ನಿಮಿಷ ಇದೆ, ಯಾವ ಚೀಟಿ ಉಳಿಯುತ್ತದೆ?” ಎಂದು ಕೇಳಿದರು. ಸ್ನಾನ ಹೋಯಿತು, ತಿಂಡಿ ಹೋಯಿತು, ಪತ್ರಿಕೆ ಹೋಯಿತು. ನಮ್ಮ ಟೆಸ್ಟರ್ ಮಾತ್ರ ಕಾಫಿಯ ಚೀಟಿಯನ್ನು ಗೆರೆಯ ಮೇಲೆಯೇ ಇಟ್ಟುಕೊಂಡರು, ಏಕೆಂದರೆ ಆ ಕಾಫಿ ಅವರದಲ್ಲ, ಹಾಸಿಗೆ ಹಿಡಿದಿರುವ ಅವರ ಅತ್ತೆಯವರದು. ಒಂದೇ ಹೆಸರಿನ ಕೆಲಸ ಒಬ್ಬರ ಮನೆಯಲ್ಲಿ ಬಿಡಬಹುದಾದದ್ದು, ಇನ್ನೊಬ್ಬರ ಮನೆಯಲ್ಲಿ ಬಿಡಲಾಗದ್ದು. ಆದ್ಯತೆಯ ಅಂಕಗಳನ್ನು ಇಷ್ಟು ದಿನ ಯಾರ ಮನೆಯ ಲೆಕ್ಕದಲ್ಲಿ ಕೊಟ್ಟಿದ್ದೆವೆಂಬ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಆಗ.

ಮಧ್ಯಾಹ್ನ ಹನುಮಂತನಗರದಿಂದ ಅಡುಗೆ ಭಟ್ಟರು ಬಂದರು. ಮೂವತ್ತು ವರ್ಷಗಳಿಂದ ಈ ವೃತ್ತಿಯಲ್ಲಿರುವ ಹಿರಿಯರು. ಆಷಾಢದಲ್ಲಿ ಮದುವೆಗಳಿಲ್ಲದ ಕಾರಣ ಅವರಿಗೆ ಬಿಡುವಿತ್ತು. ಕಾರ್ಯಾಗಾರವನ್ನು ಆ ತಿಂಗಳಿಗೆ ಇಟ್ಟುಕೊಂಡದ್ದೇ ಅದಕ್ಕಾಗಿ. ತರಬೇತುದಾರರ ಮೊದಲ ಷರತ್ತು, ನಿಜವಾದ ಬಳಕೆದಾರರೊಬ್ಬರು ಕೋಣೆಯಲ್ಲಿ ಇರಲೇಬೇಕೆಂಬುದಾಗಿತ್ತು. ಆ ಒಂದು ಷರತ್ತಿಗಾಗಿಯೇ ಅವರನ್ನು ಮನಸಾರೆ ಮೆಚ್ಚುತ್ತೇನೆ, ಏಕೆಂದರೆ ಭಟ್ಟರಿಲ್ಲದೆ ನಾವು ಆರೇ ಮಂದಿ ಕುಳಿತಿದ್ದರೆ, ಹಳೆಯ ಊಹೆಗಳನ್ನೇ ಬಣ್ಣದ ಚೀಟಿಗಳ ಮೇಲೆ ಬರೆದು ಅಂಟಿಸುತ್ತಿದ್ದೆವು.

ಭಟ್ಟರು ಹೇಳುತ್ತ ಹೋದರು, ನಾವು ಬರೆದು ಅಂಟಿಸುತ್ತ ಹೋದೆವು. ಮನೆಯವರು ಬಂದು ವಿಚಾರಿಸುವುದು, ಪಂಚಾಂಗ ನೋಡಿ ದಿನ ಖಾಲಿಯಿದೆಯೇ ಎಂದು ತಿಳಿಸುವುದು, ಎಷ್ಟು ಎಲೆ ಎಂದು ಕೇಳುವುದು, ವರಪೂಜೆಗೆ ಏನು, ಮುಹೂರ್ತದ ಊಟಕ್ಕೆ ಏನು ಎಂದು ಅಡುಗೆ ಗೊತ್ತುಪಡಿಸುವುದು, ಮುಂಗಡ ಪಡೆಯುವುದು, ಸಾಮಾನು ಚೀಟಿ ಬರೆದುಕೊಡುವುದು, ಪಾತ್ರೆ ಬಾಡಿಗೆಗೆ ಹೇಳುವುದು, ಬಡಿಸುವವರನ್ನು ಗೊತ್ತುಮಾಡುವುದು, ಛತ್ರ ಸೇರುವುದು, ಅಡುಗೆ, ಪಂಕ್ತಿ, ಕೊನೆಗೆ ಲೆಕ್ಕ. ಸಾಮಾನು ಚೀಟಿಯ ಬಳಿ ಮೊದಲ ಪೆಟ್ಟು ಬಿತ್ತು. ದಿನಸಿಯನ್ನು ಭಟ್ಟರೇ ಖರೀದಿಸುತ್ತಾರೆಂದು ತಿಳಿದು, ಯಶವಂತಪುರದ ಮಾರುಕಟ್ಟೆಯ ಸಗಟು ಧಾರಣೆ ತೋರಿಸುವುದು, ಅಂಗಡಿಗೆ ಆರ್ಡರ್ ಕಳುಹಿಸುವುದು ಎಂದೆಲ್ಲ ಹನ್ನೊಂದು ಟಿಕೆಟ್ ಮಾಡಿಟ್ಟಿದ್ದೆವು. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಚೀಟಿ ಬರೆಸಿಕೊಂಡು ಹೋಗಿ ತಾವೇ ಸಾಮಾನು ತರುತ್ತಾರೆ. ಭಟ್ಟರದು ಅಡುಗೆಯ ಕೂಲಿ ಮಾತ್ರ. ಎಲೆಗೆ ಇಷ್ಟು ಎಂದು ಪೂರ್ತಿ ಗುತ್ತಿಗೆ ಕೊಡುವವರು ಬೇರೆಯೇ ಒಂದು ಬಗೆ. ಹಾಗಾಗಿ ಆ ಚೀಟಿ ಅಂಗಡಿಗೆ ಹೋಗಬೇಕಾದದ್ದಲ್ಲ, ಮನೆಯೊಡತಿಯ ಕೈಗೆ, ಆಕೆಗೆ ಓದಲು ಬರುವಂತೆ ಹೋಗಬೇಕಾದದ್ದು.

ಎರಡನೆಯ ಪೆಟ್ಟು ಇನ್ನೂ ದೊಡ್ಡದು. ಭಟ್ಟರು ಕಥೆ ಮುಗಿಸಿದ ಮೇಲೆ, ನಮ್ಮ ಹಳೆಯ 143 ಟಿಕೆಟ್‌ಗಳನ್ನು ಮುದ್ರಿಸಿ ಒಂದೊಂದನ್ನೂ ಅದು ಸೇರುವ ಹಂತದ ಕೆಳಗೆ ಅಂಟಿಸುವಂತೆ ತರಬೇತುದಾರರು ಹೇಳಿದರು. ಅರ್ಧ ಗಂಟೆಯಲ್ಲಿ ಗೋಡೆಯೇ ಮಾತಾಡಿತು. ಎಡಭಾಗದಲ್ಲಿ, ಲಾಗಿನ್, ಬುಕಿಂಗ್, ಮುಂಗಡ ಪಾವತಿಗಳ ಕೆಳಗೆ, ಚೀಟಿಗಳು ನೆಲ ಮುಟ್ಟುವಷ್ಟು ಇಳಿದಿದ್ದವು. ಬಲತುದಿಯ ಬಿಲ್ಲಿನ ಕೆಳಗೂ ಒಂದು ಗುಂಪಿತ್ತು. ನಡುವೆ, ಛತ್ರ ಸೇರಿದ ಸಂಜೆಯಿಂದ ಮರುದಿನದ ಪಂಕ್ತಿ ಏಳುವವರೆಗೆ, ಒಂದೇ ಒಂದು ಚೀಟಿಯೂ ಇರಲಿಲ್ಲ. ಭಟ್ಟರು ಆ ಖಾಲಿ ಜಾಗವನ್ನು ಬೆರಳಲ್ಲಿ ತೋರಿಸಿ, “ನನಗೆ ನಿದ್ದೆ ಕೆಡೋದು ಇಲ್ಲೇ ಸ್ವಾಮಿ” ಎಂದರು. ವರಪೂಜೆಯ ಊಟ ಮುಗಿದ ಮೇಲೆ ಅವರು ಎದ್ದ ಎಲೆಗಳನ್ನು ಎಣಿಸುತ್ತಾರೆ. ಮನೆಯವರು ಇನ್ನೂರು ಎಂದಿದ್ದು ಇನ್ನೂರೈವತ್ತು ಎಲೆ ಎದ್ದಿದ್ದರೆ, ನಾಳೆಯ ಮುಹೂರ್ತದ ಊಟಕ್ಕೂ ಹೇಳಿದ್ದಕ್ಕಿಂತ ಹೆಚ್ಚು ಜನ ಬರುತ್ತಾರೆಂದು ತಿಳಿದು, ರಾತ್ರಿಯೇ ಬೇಳೆ ಹೆಚ್ಚು ನೆನೆಹಾಕಿಸಿ, ನಸುಕಿನಲ್ಲೇ ಕೆ.ಆರ್. ಮಾರುಕಟ್ಟೆಗೆ ಆಳು ಕಳುಹಿಸಿ ತರಕಾರಿ, ಬಾಳೆ ಎಲೆ ತರಿಸುತ್ತಾರೆ. ನಮ್ಮ ಆ್ಯಪ್‌ನಲ್ಲಿ ಆರ್ಡರ್ ಖಚಿತವಾದ ಮೇಲೆ ಎಲೆಯ ಸಂಖ್ಯೆಯನ್ನು ಬದಲಿಸಲು ದಾರಿಯೇ ಇರಲಿಲ್ಲ. ಹತ್ತು ತಿಂಗಳು ಕೆಲಸ ಮಾಡಿದ್ದ ತಂಡಕ್ಕೆ ಈ ಸಂಗತಿ ಗೊತ್ತಿರಲಿಲ್ಲವೆಂಬುದು ನನಗೆ ಇಂದಿಗೂ ನೋವು ಕೊಡುವ ವಿಷಯ. ಆದ್ಯತೆಯ ಪಟ್ಟಿಯಲ್ಲಿ ಇಲ್ಲದ್ದು ಕಾಣುವುದಿಲ್ಲ, ಏಕೆಂದರೆ ಪಟ್ಟಿಯಲ್ಲಿ ಖಾಲಿ ಜಾಗವೇ ಇರುವುದಿಲ್ಲ. ಒಂದರ ಕೆಳಗೊಂದು ಸಾಲುಗಳು ಒತ್ತಿಕೊಂಡು ನಿಲ್ಲುತ್ತವೆ. ನಕ್ಷೆಯಲ್ಲಿ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆ.

ಸಾಮಗ್ರಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಈ ವಿಧಾನದಲ್ಲಿ ಸಾಮಗ್ರಿ ಗೌಣವಲ್ಲ. ನಮ್ಮ ಗೋಡೆಗೆ ಡಿಸ್ಟೆಂಪರ್ ಬಳಿದಿದೆ. ಮೊದಲು ಅಂಟಿಸಿದ ಚೀಟಿಗಳು ಫ್ಯಾನಿನ ಗಾಳಿಗೆ ಉದುರಿದವು. ಇದನ್ನು ನಿರೀಕ್ಷಿಸಿದ್ದ ತರಬೇತುದಾರರು ತಾವೇ ತಂದಿದ್ದ ಕಂದು ಕಾಗದದ ಸುರುಳಿಯನ್ನು ಗೋಡೆಯುದ್ದಕ್ಕೂ ಟೇಪ್ ಹಾಕಿ ಬಿಗಿದರು. ಚೀಟಿಯನ್ನು ಕಟ್ಟಿನಿಂದ ಕೆಳಗಿನಿಂದ ಮೇಲಕ್ಕೆ ಎತ್ತಿದರೆ ಅಂಚು ಸುರುಳಿಯಾಗಿ ಬೇಗ ಬೀಳುತ್ತದೆ, ಪಕ್ಕದಿಂದ ಎಳೆದು ಬಿಡಿಸಿದರೆ ಚಪ್ಪಟೆಯಾಗಿ ನಿಲ್ಲುತ್ತದೆ ಎಂದು ತೋರಿಸಿಕೊಟ್ಟರು. ತ್ರೀಎಂ ಕಂಪನಿಯ ಪೋಸ್ಟ್-ಇಟ್ ಚೀಟಿ 1980ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದರ ವಿಶೇಷವೆಂದರೆ ಹಿಡಿದೂ ಹಿಡಿಯದ ಆ ಅಂಟು. ಬರೆದ ಮಾತು ಅಂತಿಮವಲ್ಲ, ಎತ್ತಿ ಬೇರೆಡೆ ಇಡಬಹುದು ಎಂಬ ಧೈರ್ಯವನ್ನು ಆ ಅಂಟು ಕೊಡುತ್ತದೆ. ಮೊದಲು ಸಂಕೋಚದಿಂದ ಕುಳಿತಲ್ಲೇ ಹೇಳುತ್ತಿದ್ದ ಭಟ್ಟರು, ನಾಲ್ಕು ಗಂಟೆಯ ಹೊತ್ತಿಗೆ ತಾವೇ ಎದ್ದು ಬಂದು ಪಾತ್ರೆಯ ಚೀಟಿಯನ್ನು ಮುಂಗಡದ ಚೀಟಿಗಿಂತ ಹಿಂದಕ್ಕೆ ಸರಿಸಿದರು.

ಅಂದು ಸಂಜೆ ನೀಲಿ ಟೇಪಿನಿಂದ ಅಡ್ಡ ಗೆರೆ ಎಳೆದೆವು. ಒಂದೊಂದು ಹೋಳಿಗೂ ವೈಶಿಷ್ಟ್ಯಗಳ ಹೆಸರಿಡದೆ, ಅದು ಕೈ ಸೇರಿದ ಮೇಲೆ ಭಟ್ಟರ ಬದುಕಿನಲ್ಲಿ ಏನು ಬದಲಾಗಬೇಕೆಂಬುದನ್ನೇ ಹೆಸರಾಗಿ ಬರೆಯಬೇಕೆಂಬುದು ನಿಯಮ. ಮೊದಲ ಹೋಳಿಗೆ, “ಒಂದು ಮದುವೆಯ ಸಾಮಾನು ಚೀಟಿ ಮರೆವಿಲ್ಲದೆ ಮನೆಯವರ ಕೈ ಸೇರಬೇಕು, ರಾತ್ರಿ ಎಲೆ ಹೆಚ್ಚಾದರೆ ಚೀಟಿಯೂ ತಾನಾಗಿ ಬದಲಾಗಬೇಕು” ಎಂದು ಬರೆದೆವು. ಆ ಸಾಲನ್ನು ಹಿಡಿದು ನೋಡಿದಾಗ ಲಾಗಿನ್ ಕೆಳಗಿಳಿಯಿತು, ಆನ್‌ಲೈನ್ ಪಾವತಿ ಕೆಳಗಿಳಿಯಿತು, ಅಡುಗೆಗಳ ಫೋಟೋಗಳು ಮೂರನೆಯ ಹೋಳಿಗೆ ಹೋದವು. ಮುಂಗಡ ಬಂದದ್ದನ್ನು ಭಟ್ಟರು ತಾವೇ ಗುರುತು ಹಾಕಿಕೊಂಡರೆ ಸಾಕು, ಚೀಟಿ ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಹೋದರೆ ಸಾಕು. ತೆಳ್ಳಗಿದ್ದರೂ ಎಡತುದಿಯಿಂದ ಬಲತುದಿಯವರೆಗೆ ಕಡಿಯದೆ ನಡೆಯುವ ಇಂಥ ಮೊದಲ ರೂಪವನ್ನು ಅಲಿಸ್ಟೇರ್ ಕಾಕ್‌ಬರ್ನ್ ನಡೆದಾಡುವ ಅಸ್ಥಿಪಂಜರ ಎಂದು ಕರೆದಿದ್ದಾರೆ. ಹಳೆಯ ಪಟ್ಟಿಯ ಲೆಕ್ಕದಲ್ಲಿ ಮೊದಲ ಬಿಡುಗಡೆ ಮಾಘಕ್ಕೆ ಎಂದಿತ್ತು. ಹೀಗೆ ಹೋಳು ಮಾಡಿದ ಮೇಲೆ ಕಾರ್ತಿಕದ ಮದುವೆಗಳ ಹೊತ್ತಿಗೇ ಭಟ್ಟರಿಗೂ ಅವರ ಇಬ್ಬರು ಸಂಗಡಿಗರಿಗೂ ಆ್ಯಪ್ ಕೊಟ್ಟೆವು.

ಇನ್ನು ಎರಡನೆಯ ದಿನದ ವಿಷಯ. ಅಂದು ಕಾರ್ಡುಗಳನ್ನು ಅಚ್ಚುಕಟ್ಟಾಗಿ ಬರೆಯುವ ಪಾಠವಿತ್ತು. 2001ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಕನೆಕ್ಸ್‌ಟ್ರಾ ಎಂಬ ಕಂಪನಿಯಲ್ಲಿ ರೂಪುಗೊಂಡ ಒಂದು ವಾಕ್ಯದ ಅಚ್ಚಿದೆ: ಇಂಥವನಾಗಿ ನನಗೆ ಇಂಥದ್ದು ಬೇಕು, ಇಂಥ ಪ್ರಯೋಜನಕ್ಕಾಗಿ. ಎಲ್ಲ ಕಾರ್ಡುಗಳನ್ನೂ ಆ ಅಚ್ಚಿನಲ್ಲಿ, ಅದೂ ಇಂಗ್ಲಿಷಿನಲ್ಲಿ, ತಿದ್ದಿ ಬರೆಯುವಂತೆ ತರಬೇತುದಾರರು ಒತ್ತಾಯಿಸಿದರು. ಹಿಂದಿನ ದಿನ ಗೋಡೆಯ ಮುಂದೆ ನಿಂತು ಮಾತಾಡಿದ್ದ ಭಟ್ಟರು ಆ ದಿನ ಊಟದ ಹೊತ್ತಿನವರೆಗೆ ಒಂದು ಮಾತನ್ನೂ ಆಡಲಿಲ್ಲ. ಅವರ ಮೌನವನ್ನು ಗಮನಿಸಿ ನಾನು ಆಕ್ಷೇಪಿಸಿದೆ; ಪದ್ಧತಿಯೇ ಹಾಗೆ ಎಂಬ ಉತ್ತರ ಬಂತು. ಪದ್ಧತಿ ಹಾಗಿಲ್ಲ. ಕಾರ್ಡಿನ ಮೇಲಿನ ಮಾತು ಚುಟುಕಾದ ಕ್ರಿಯಾಪದವಾಗಿದ್ದರೆ ಸಾಕು ಎಂಬುದೇ ಈ ವಿಧಾನದ ಮೂಲ, ಮತ್ತು ಆ ಕೆಲಸಕ್ಕೆ ಕನ್ನಡದಷ್ಟು ಹೇಳಿ ಮಾಡಿಸಿದ ಭಾಷೆ ಬೇರೊಂದನ್ನು ನಾನು ಕಾಣೆ. “ಎಲೆ ಎಣಿಸು”, “ಚೀಟಿ ಬರೆ”, “ಬೇಳೆ ಹೆಚ್ಚಿಸು”, “ಆಳು ಕಳಿಸು”: ಎರಡೇ ಪದ, ಏನು ಎಂಬುದು ಮೊದಲು, ಮಾಡುವುದು ಆಮೇಲೆ. ಮಧ್ಯಾಹ್ನದ ನಂತರ ನಾವು ಹಟ ಹಿಡಿದು ಕನ್ನಡದ ಕಾರ್ಡುಗಳನ್ನೇ ಗೋಡೆಗೆ ಮರಳಿಸಿದೆವು, ಭಟ್ಟರೂ ಮಾತಿಗೆ ಮರಳಿದರು. ಬಳಕೆದಾರರ ಭಾಷೆಯಲ್ಲಿ ನಡೆಯದ ಮ್ಯಾಪಿಂಗ್ ಬಳಕೆದಾರರನ್ನು ಕೋಣೆಯಲ್ಲಿ ಕೂರಿಸಿಕೊಂಡೂ ಹೊರಗಿಟ್ಟಂತೆ. ಬೆಂಗಳೂರಿನಲ್ಲಿ ಈ ತರಬೇತಿ ನೀಡುವವರೆಲ್ಲ ಇದನ್ನು ಗಂಭೀರವಾಗಿ ಯೋಚಿಸಬೇಕೆಂಬುದು ನನ್ನ ಬಿನ್ನಹ.

ಎರಡನೆಯ ದಿನದ ಕೊನೆಯ ಎರಡು ಗಂಟೆಗಳು ಗೋಡೆಯಲ್ಲಿದ್ದುದನ್ನು ಡಿಜಿಟಲ್ ಬೋರ್ಡಿಗೆ ಏರಿಸುವುದರಲ್ಲಿ ಕಳೆದವು. ಆ ಅವಸರದಲ್ಲಿ ನೀಲಿ ಟೇಪಿನ ಗೆರೆಗಳು ತಪ್ಪಾದ ಜಾಗಕ್ಕೆ ಬಿದ್ದವು, ಎರಡನೆಯ ಹೋಳಿನ ಒಂಬತ್ತು ಕಾರ್ಡುಗಳು ಮೊದಲನೆಯದರೊಳಗೆ ಸೇರಿಕೊಂಡವು. ಸರಿಪಡಿಸಲು ನಮಗೆ ಒಂದು ದಿನ ಹಿಡಿಯಿತು. ಡಿಜಿಟಲ್ ಬೋರ್ಡೇ ಬೇಡವೆಂದು ನಾನು ಹೇಳುವುದಿಲ್ಲ. ಹುಬ್ಬಳ್ಳಿಯಿಂದ ಕೆಲಸ ಮಾಡುವ ನಮ್ಮ ಡಿಸೈನರ್‌ಗೆ ಅದಿಲ್ಲದೆ ಗತಿಯಿಲ್ಲ, ಗೋಡೆ ಒದ್ದೆಯಾದರೂ ನಕ್ಷೆ ಉಳಿಯುತ್ತದೆ. ಆದರೆ ಪರದೆಯಲ್ಲಿ ಅಕ್ಷರ ಓದುವಷ್ಟು ಹತ್ತಿರ ಹೋದರೆ ಪೂರ್ತಿ ಮದುವೆ ಕಾಣುವುದಿಲ್ಲ, ಪೂರ್ತಿ ಕಾಣುವಷ್ಟು ದೂರ ಬಂದರೆ ಅಕ್ಷರ ಕಾಣುವುದಿಲ್ಲ. ಗೋಡೆಯ ಮುಂದೆ ಎರಡು ಹೆಜ್ಜೆ ಹಿಂದೆ ಬಂದರೆ ಎರಡೂ ಆಗುತ್ತದೆ. ನಾವು ಈಗ ಗೋಡೆಯನ್ನು ಮೂಲವಾಗಿಯೂ ಬೋರ್ಡನ್ನು ಅದರ ಪ್ರತಿಯಾಗಿಯೂ ಇಟ್ಟುಕೊಂಡಿದ್ದೇವೆ.

ಬಳಕೆಯಲ್ಲಿ ಕಂಡ ದೊಡ್ಡ ಅಪಾಯ ನಮ್ಮದೇ ಅಲಕ್ಷ್ಯದಿಂದ ಬಂದದ್ದು. ಮೂರನೆಯ ತಿಂಗಳಲ್ಲಿ ಕೆಲಸದ ಒತ್ತಡ ಹೆಚ್ಚಾಗಿ ನಕ್ಷೆಯ ಮುಂದೆ ನಿಲ್ಲುವುದನ್ನು ಬಿಟ್ಟೆವು. ಟಿಕೆಟ್‌ಗಳ ಪಟ್ಟಿಯೇ ಮತ್ತೆ ಯಜಮಾನನಾಯಿತು. ಅಡುಗೆಗಳ ಫೋಟೋ ತೋರಿಸುವ ಪುಟ ಮೂರನೆಯ ಹೋಳಿನದು. ಆದರೆ ಹಳೆಯ ಟಿಕೆಟ್‌ನಲ್ಲಿ ಅದಕ್ಕೆ ದೊಡ್ಡ ಅಂಕ ಉಳಿದುಕೊಂಡಿದ್ದರಿಂದ ಇಬ್ಬರು ಪ್ರೋಗ್ರಾಮರ್‌ಗಳು ಎರಡು ವಾರ ಅದರಲ್ಲೇ ಮುಳುಗಿದರು. ಅದೇ ಹೊತ್ತಿನಲ್ಲಿ ಎಲೆ ಹೆಚ್ಚಾದಾಗ ಬೇಳೆಯ ಲೆಕ್ಕ ಬದಲಾಗುವ ಭಾಗ ಅರ್ಧಕ್ಕೆ ನಿಂತಿತ್ತು. ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಇಪ್ಪತ್ತು ನಿಮಿಷ ಗೋಡೆಯ ಮುಂದೆ ನಿಂತು, ಭಟ್ಟರ ಕಥೆಯನ್ನು ಒಬ್ಬರು ಎಡದಿಂದ ಬಲಕ್ಕೆ ಬಾಯಿಬಿಟ್ಟು ಹೇಳಬೇಕೆಂಬ ನಿಯಮ ಮಾಡಿಕೊಂಡಿದ್ದೇವೆ. ಹೇಳುವವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಏನೋ ಒಂದು ತಪ್ಪಿದೆಯೆಂದು ಅರ್ಥ.

ಈ ವಿಧಾನದಿಂದ ಆಗದ ಕೆಲಸಗಳೂ ಇವೆ. ಯಾವ ಕಾರ್ಡಿಗೆ ಎಷ್ಟು ದಿನ ಬೇಕೆಂಬುದನ್ನು ನಕ್ಷೆ ಹೇಳುವುದಿಲ್ಲ. ಅಂದಾಜು ಬೇರೆಯೇ ಕೆಲಸ. ದತ್ತಾಂಶದ ಬ್ಯಾಕಪ್, ಭದ್ರತೆಯಂಥವು ಭಟ್ಟರ ಕಥೆಯಲ್ಲಿ ಬರುವುದೇ ಇಲ್ಲವಾದ್ದರಿಂದ ಅವನ್ನು ಪಕ್ಕದಲ್ಲಿ ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ಈಗಾಗಲೇ ನಡೆಯುತ್ತಿರುವ ತಂತ್ರಾಂಶದಲ್ಲಿ ದೋಷ ತಿದ್ದುವುದೇ ಮುಖ್ಯ ಕೆಲಸವಾಗಿರುವ ತಂಡಕ್ಕೆ ಇದರಿಂದ ಹೆಚ್ಚು ಉಪಯೋಗವಿಲ್ಲ. ಬಳಕೆದಾರರು ಹಲವು ಬಗೆಯವರಾದರೆ ನಕ್ಷೆ ಅಗಲವಾಗುತ್ತ ಹೋಗಿ ಗೋಡೆ ಸಾಲುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ನಕ್ಷೆ ಮಾಡುವುದೇ ಮೇಲೆಂದು ನಮಗೆ ಕಂಡಿದೆ.

ಕಾರ್ತಿಕದಲ್ಲಿ ಬಸವನಗುಡಿಯ ಛತ್ರವೊಂದರಲ್ಲಿ ನಡೆದ ಮದುವೆಗೆ ನಾನೂ ಹೋಗಿ ಅಡುಗೆಮನೆಯ ಮೂಲೆಯಲ್ಲಿ ನಿಂತಿದ್ದೆ. ರಾತ್ರಿ ಹತ್ತೂವರೆಗೆ ಭಟ್ಟರು ಕೈ ಒರೆಸಿಕೊಂಡು ಮೊಬೈಲ್ ತೆಗೆದು, ನಾಳೆಯ ಎಲೆಯನ್ನು 450ರಿಂದ 510ಕ್ಕೆ ಏರಿಸಿದರು. ಬೇಳೆ, ಅಕ್ಕಿ, ತರಕಾರಿ, ಒಬ್ಬಟ್ಟಿನ ಹೂರಣಕ್ಕೆ ಬೆಲ್ಲ, ಎಲ್ಲದರ ಹೆಚ್ಚುವರಿ ತೂಕ ಒಂದೇ ಪುಟದಲ್ಲಿ ಬಂತು. ಅವರು ಅದನ್ನು ಎರಡು ಸಲ ಓದಿ, ಬೆಲ್ಲದ ಲೆಕ್ಕ ಮಾತ್ರ ಸ್ವಲ್ಪ ಜಾಸ್ತಿಯಾಯಿತೆಂದು ಹೇಳಿ, ಉಳಿದದ್ದನ್ನು ಹಾಗೆಯೇ ಹುಡುಗನ ಮೊಬೈಲಿಗೆ ಕಳುಹಿಸಿದರು. ಬೆಲ್ಲದ ಲೆಕ್ಕವನ್ನು ಮರುವಾರ ತಿದ್ದಿದೆವು.

ಹೊಸ ಆ್ಯಪ್ ಆರಂಭಿಸುತ್ತಿರುವ ಸಣ್ಣ ತಂಡಕ್ಕೆ, ನಿಜವಾದ ಬಳಕೆದಾರರೊಬ್ಬರನ್ನು ಕರೆತರಲು ಸಾಧ್ಯವಿದ್ದರೆ, ಇಂಥ ಕಾರ್ಯಾಗಾರದ ಮೊದಲ ದಿನವನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಕರೆತರಲು ಆಗದಿದ್ದರೆ ಹಣ ಖರ್ಚು ಮಾಡಬೇಡಿ. ಬರುವ ಆಷಾಢದಲ್ಲಿ ಪಾತ್ರೆ ಬಾಡಿಗೆ ಕೊಡುವವರ ನಕ್ಷೆ ಮಾಡುವ ಯೋಜನೆಯಿದೆ. ಅದೇ ಸಂಸ್ಥೆಯನ್ನು ಮತ್ತೆ ಕೇಳಿದ್ದೇವೆ, ಒಂದೇ ದಿನಕ್ಕೆ, ಕನ್ನಡದಲ್ಲಿಯೇ ನಡೆಸಿಕೊಡುವುದಾದರೆ ಎಂಬ ಷರತ್ತಿನೊಂದಿಗೆ; ತರಬೇತುದಾರರು ಒಪ್ಪಿದ್ದಾರೆ. ಎರಡನೆಯ ದಿನದ ಶುಲ್ಕದಲ್ಲಿ ಉಳಿಯುವ ಹಣದಿಂದ, ನಮ್ಮ ಗೋಡೆಯ ಮುಂದೆ ನಿಲ್ಲಲು ಅಂಗಡಿ ಮುಚ್ಚಿ ಬರುವ ಆ ಪಾತ್ರೆ ಅಂಗಡಿಯವರ ಅಂದಿನ ಸಂಪಾದನೆಯನ್ನು ತುಂಬಿಕೊಡುತ್ತೇವೆ.